ಪದಶೋಧನ: ಕೈಗವಸಿನಿಂದ ಭೂತದವರೆಗೆ

ಓದುಗ ಬಂಧುಗಳು, ವಿಶೇಷವಾಗಿ ತಾಯಂದಿರು, ನಮಗೆ ಬರೆಯುವ ಪತ್ರಗಳಲ್ಲಿ ಈಚೆಗೆ ಒಂದು ದೂರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಹಬ್ಬಕ್ಕೆಂದು ಮನೆಗೆ ಬಂದಾಗ ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತು ಕನ್ನಡದಂತೆಯೇ ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ ಎಂಬುದೇ ಆ ದೂರು. ‘ಅವಳು ಅವನನ್ನು ಡಂಪ್ ಮಾಡಿದಳಂತೆ’, ‘ಅವರಿಬ್ಬರದೂ ಬ್ರೇಕಪ್ ಆಯಿತಂತೆ’, ‘ಇವನು ಘೋಸ್ಟ್ ಮಾಡಿದನಂತೆ’. ಘೋಸ್ಟ್ ಎಂದರೆ ದೆವ್ವವೆಂದು ನಿಘಂಟು ಹೇಳುತ್ತದೆ, ಮನುಷ್ಯನು ಮನುಷ್ಯನಿಗೆ ದೆವ್ವ ಮಾಡುವುದೆಂದರೇನೆಂದು ಒಬ್ಬ ತಾಯಿ ಕೇಳಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಮಾತ್ರ ಸ್ವಲ್ಪ ದೂರ ನಡೆಯಬೇಕು.

ಇಂಥ ವಿಷಯ ಈ ಪುಟಕ್ಕೆ ತಕ್ಕುದೇ ಎಂದು ಹುಬ್ಬೇರಿಸುವವರೂ ಇದ್ದಾರು. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುತ್ತ ಬೆಳೆದ ನಮಗೆ ಶಬ್ದದ ಬೆನ್ನು ಹತ್ತಿ ಹೋಗುವುದು ಬಾಲ್ಯದಿಂದ ಅಂಟಿದ ಚಟ. ಶಬ್ದವು ಯಾವ ಮನೆಯದೆಂದು ನೋಡಿ ಹಿಂದೆಗೆಯುವ ಅಭ್ಯಾಸ ನಮಗಿಲ್ಲ. ಪ್ರೀತಿಸಿದವರು ಒಲ್ಲೆನೆಂದಾಗ, ಕೂಡಿದವರು ಅಗಲಿದಾಗ, ಇಂಗ್ಲಿಷ್ ಜನ ಯಾವ ಯಾವ ಮಾತುಗಳಿಂದ ಅದನ್ನು ಹೇಳುತ್ತ ಬಂದರೆಂಬುದನ್ನು ವಿಚಾರಿಸಿದರೆ, ಆ ಸಮಾಜ ನಾಲ್ಕುನೂರು ವರ್ಷಗಳಲ್ಲಿ ನಡೆದ ದಾರಿಯೂ ಕಾಣುತ್ತದೆ.

ಹಳೆಯ ಮಾತುಗಳಲ್ಲಿ ಒಂದು, ‘ವಿಲೋ ಧರಿಸುವುದು’. ವಿಲೋ ಎಂಬುದು ನೀರಿನ ದಂಡೆಯಲ್ಲಿ ಬೆಳೆಯುವ ಮರ, ಕ್ರಿಕೆಟ್ ದಾಂಡು ಮಾಡುವುದು ಅದೇ ಕುಲದ ಮರದಿಂದ. ಪ್ರಿಯನು ತೊರೆದ ಕನ್ಯೆ, ಪ್ರೇಯಸಿಯನ್ನು ಕಳೆದುಕೊಂಡ ತರುಣ, ಅದರ ಎಳೆಯ ರೆಂಬೆಗಳ ಮಾಲೆಯನ್ನು ಧರಿಸುವುದು ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ತಿರಸ್ಕೃತ ಪ್ರೇಮದ ಸಂಕೇತವಾಗಿತ್ತು. ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಡೆಸ್ಡಿಮೋನ ತನ್ನ ಕೊನೆಯ ರಾತ್ರಿ ವಿಲೋ ಮರದ ಹಾಡೊಂದನ್ನು ಹಾಡುತ್ತಾಳೆ. ಪ್ರಿಯನು ಕೈಬಿಟ್ಟುಹೋದ ತನ್ನ ತಾಯಿಯ ದಾಸಿಯೊಬ್ಬಳಿಂದ ಕಲಿತ ಹಾಡದು. ‘ಮಚ್ ಅಡೂ ಅಬೌಟ್ ನಥಿಂಗ್’ ಎಂಬ ಇನ್ನೊಂದು ನಾಟಕದಲ್ಲಿ ಇದೇ ಮಾಲೆ ಗೆಳೆಯರ ಪರಿಹಾಸಕ್ಕೆ ವಸ್ತುವಾಗಿದೆ. ಇಂದು ಚಿತ್ರಗಳಲ್ಲಿ ಕಾಣುವ, ಕೂದಲು ಕೆದರಿ ಅಳುವಂತೆ ರೆಂಬೆ ಇಳಿಬಿಟ್ಟ ವಿಲೋ ಮಾತ್ರ ಚೀನಾ ಮೂಲದ್ದು, ಇಂಗ್ಲೆಂಡಿಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಶೇಕ್ಸ್‌ಪಿಯರ್ ಅದನ್ನು ಕಂಡವನಲ್ಲ. ಅದಿರಲಿ. ಇಲ್ಲಿ ಗಮನಿಸತಕ್ಕದ್ದು, ದುಃಖವನ್ನು ಊರೆಲ್ಲ ನೋಡುವಂತೆ ಧರಿಸುವ ಪರಿಪಾಠವೊಂದು ಆಗ ಇದ್ದಿತೆಂಬುದು.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ‘ಜಿಲ್ಟ್’ ಎಂಬ ಪದ ಕಾಣಿಸಿಕೊಂಡಿತು. ಇದು ಮೊದಲು ನಾಮಪದ. ಆಸೆ ತೋರಿಸಿ ಮೋಸಮಾಡುವ ಹೆಂಗಸಿಗೆ ಇಟ್ಟ ಹೆಸರು. ಜಿಲ್ ಎಂಬ ಸಾಮಾನ್ಯ ಹೆಣ್ಣುಹೆಸರಿನಿಂದಲೇ ಇದು ಬಂದಿರಬೇಕೆಂದು ಪದಶಾಸ್ತ್ರಜ್ಞರು ಊಹಿಸುತ್ತಾರೆ. ಕೈಬಿಡುವ ಗಂಡಸಿಗೆ ಇಂಥದೊಂದು ಹೆಸರನ್ನು ಆ ಕಾಲ ಇಡಲಿಲ್ಲ. ಪದಗಳನ್ನು ಸೃಷ್ಟಿಸುವವರು ಯಾರೆಂಬುದು ಇದರಿಂದಲೇ ವಿದಿತವಾಗುತ್ತದೆ. ಕಾಲಾನಂತರದಲ್ಲಿ ಅದು ಕ್ರಿಯಾಪದವಾಗಿ, ಇಬ್ಬರಿಗೂ ಸಮಾನವಾಗಿ ಸಲ್ಲತೊಡಗಿತು. ಅಷ್ಟೇ ಅಲ್ಲ, ಮದುವೆಯ ಹೊಸ್ತಿಲಲ್ಲಿ ಕೈಬಿಡಲ್ಪಟ್ಟ ಹೆಣ್ಣಿಗೇ ಹೆಚ್ಚಾಗಿ ಅಂಟಿಕೊಂಡಿತು. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಮಿಸ್ ಹ್ಯಾವಿಶಾಮಳನ್ನು ಓದಿದವರು ಮರೆಯಲಾರರು. ವರನು ಬರಲಾರನೆಂಬ ಪತ್ರ ತಲುಪಿದ ಗಳಿಗೆಗೆ ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿ, ಉಟ್ಟ ಮದುವೆಯ ಉಡುಪನ್ನು ಕಳಚದೆ ಮುದುಕಿಯಾದ ಹೆಂಗಸು ಆಕೆ.

ಆ ಕಾಲದಲ್ಲಿ ಇಂಥ ಹೆಣ್ಣಿಗೆ ನ್ಯಾಯಾಲಯದ ಬಾಗಿಲೂ ತೆರೆದಿತ್ತು. ಮದುವೆಯಾಗುವೆನೆಂದು ಮಾತುಕೊಟ್ಟು ತಪ್ಪಿದವನ ಮೇಲೆ ‘ಬ್ರೀಚ್ ಆಫ್ ಪ್ರಾಮಿಸ್’, ಅಂದರೆ ವಚನಭಂಗದ ದಾವೆ ಹೂಡಿ ಪರಿಹಾರಧನ ಪಡೆಯಬಹುದಾಗಿತ್ತು. ಇದನ್ನು ಡಿಕನ್ಸ್ 1836-37ರಲ್ಲಿ ಬಿಡಿಬಿಡಿಯಾಗಿ ಹೊರಬಂದ ತನ್ನ ‘ಪಿಕ್‌ವಿಕ್ ಪೇಪರ್ಸ್’ ಕೃತಿಯಲ್ಲಿ ನಗೆಗೆ ಈಡುಮಾಡಿದನು. ಊಟಕ್ಕೆ ಏನು ಬೇಕೆಂದು ಬರೆದ ಚೀಟಿಯನ್ನೇ ವಕೀಲನು ಪ್ರೇಮಪತ್ರವೆಂದು ವಾದಿಸುತ್ತಾನೆ, ಪಾಪದ ಪಿಕ್‌ವಿಕ್ ಮಹಾಶಯರ ಮೇಲೆ 750 ಪೌಂಡುಗಳ ದಂಡ ಬೀಳುತ್ತದೆ. ನಗೆ ಇರಲಿ, ಅಂಥ ದಾವೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಬದುಕಿನ ಪ್ರಶ್ನೆ ಅಡಗಿತ್ತು. ಸ್ವಂತ ದುಡಿಮೆಗೆ ದಾರಿ ಕಡಿಮೆಯಿದ್ದ ಕಾಲದಲ್ಲಿ ನಿಶ್ಚಯವಾದ ಮದುವೆ ಮುರಿದರೆ ಆಕೆಗೆ ಉಳಿಯುತ್ತಿದ್ದುದೇನು? ಅಮೆರಿಕದ ಪತ್ರಿಕೆಗಳು ಈ ಪರಿಹಾರಧನಕ್ಕೆ ‘ಹಾರ್ಟ್ ಬಾಮ್’, ಎದೆನೋವಿನ ಮುಲಾಮು, ಎಂಬ ಅಡ್ಡಹೆಸರಿಟ್ಟವು. ದುರುಪಯೋಗವಾಗುತ್ತಿದೆಯೆಂದು 1935ರಲ್ಲಿ ಇಂಡಿಯಾನ ರಾಜ್ಯವು ಈ ದಾವೆಯನ್ನು ತೆಗೆದುಹಾಕಿತು. ಇಂಗ್ಲೆಂಡಿನಲ್ಲಿ 1970ರ ಕಾಯಿದೆಯೊಂದು ಅದಕ್ಕೆ ಮಂಗಳ ಹಾಡಿತು. ನಿಶ್ಚಿತಾರ್ಥದ ಉಂಗುರದ ಗತಿಯನ್ನೂ ಅದೇ ಕಾಯಿದೆ ನಿರ್ಧರಿಸಿದೆ. ಮದುವೆ ನಡೆಯದಿದ್ದರೆ ಮರಳಿಸಬೇಕೆಂಬ ಕರಾರು ಇತ್ತೆಂದು ಸಿದ್ಧಪಡಿಸಿದ ಹೊರತು, ಉಂಗುರ ಪೂರ್ಣ ದಾನವೆಂದೇ ಎಣಿಕೆ.

ಇನ್ನು ಕೈಗವಸಿನ ಸಂಗತಿ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಒಬ್ಬ ತರುಣನ ಬೇಡಿಕೆಯನ್ನು ಕನ್ಯೆ ನಿರಾಕರಿಸಿದರೆ ಆತನಿಗೆ ‘ಮಿಟನ್’ ದೊರೆಯಿತೆಂದು ಹೇಳುತ್ತಿದ್ದರು. ಮಿಟನ್ ಎಂದರೆ ಬೆರಳುಗಳಿಗೆ ಪ್ರತ್ಯೇಕ ಗೂಡಿಲ್ಲದ ಉಣ್ಣೆಯ ಕೈಗವಸು. ಕೇಳಿದ್ದು ಕೈ, ಸಿಕ್ಕಿದ್ದು ಗವಸು ಎಂದು ಇದಕ್ಕೆ ವಿವರಣೆ ಕೊಡುವುದುಂಟು. ನಮ್ಮ ಕನ್ನಡದಲ್ಲಿಯೂ ಈ ವ್ಯವಹಾರವೆಲ್ಲ ಕೈಯಲ್ಲೇ ನಡೆದಿದೆಯಷ್ಟೆ. ಕೈಹಿಡಿದರೆ ಮದುವೆ, ಕೈಬಿಟ್ಟರೆ ಅನಾಥೆ. ‘ಕೈಕೊಟ್ಟ’ ಎಂಬ ಮಾತಂತೂ ವಿಚಿತ್ರ. ಕೊಡುವುದು ದಾನವಾಗಬೇಕಾಗಿತ್ತು, ಅದು ಮೋಸವಾಗಿ ಕುಳಿತಿದೆ. ಹೊಲದ ಎತ್ತು, ಮುಂಗಾರು ಮಳೆ, ಮೆಚ್ಚಿದ ಹುಡುಗ, ಎಲ್ಲರೂ ಕೈಕೊಡುವವರೇ. ಸ್ಪೇನ್ ದೇಶದವರು ತಿರಸ್ಕೃತನಿಗೆ ಕುಂಬಳಕಾಯಿ ಕೊಟ್ಟರೆನ್ನುತ್ತಾರೆ, ಜರ್ಮನರು ಬುಟ್ಟಿ ಕೊಟ್ಟರೆನ್ನುತ್ತಾರೆ. ಯಾವುದೇ ಇರಲಿ, ಬಂದವನನ್ನು ಬರಿಗೈಯಲ್ಲಿ ಕಳಿಸಲಿಲ್ಲವೆಂಬ ಸಮಾಧಾನವಾದರೂ ಈ ಮಾತುಗಳಲ್ಲಿದೆ.

ಯಂತ್ರಯುಗ ಬಲಿತಂತೆ ಪ್ರೇಮದ ಮಾತಿಗೂ ಕಾರ್ಖಾನೆಯ ಹೊಗೆ ಬಡಿಯಿತು. ಕೆಲಸದಿಂದ ತೆಗೆದುಹಾಕಿದವನಿಗೆ ‘ವಾಕಿಂಗ್ ಪೇಪರ್ಸ್’, ಅಂದರೆ ನಡೆ ಎಂಬ ಚೀಟಿ, ಕೊಟ್ಟರೆಂದು ಅಮೆರಿಕನ್ನರು ಹೇಳುತ್ತಿದ್ದರು. ಅದೇ ಚೀಟಿಯನ್ನು ಪ್ರೇಯಸಿಯೂ ಕೊಡತೊಡಗಿದಳು. ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ‘ಸೋಡಚೀಟಿ’ ಗೊತ್ತು. ಗಂಡಹೆಂಡಿರು ಬೇರೆಯಾಗುವಾಗ ಹಿರಿಯರ ಸಮಕ್ಷಮ ಬರೆದುಕೊಡುತ್ತಿದ್ದ ಬಿಡುಗಡೆಯ ಪತ್ರವದು, ಸೋಡು ಎಂಬುದು ಮರಾಠಿಯಲ್ಲಿ ಬಿಡು ಎಂದೇ ಅರ್ಥ. ಆದರೆ ನಮ್ಮ ಚೀಟಿಗೆ ಸಾಕ್ಷಿಗಳಿದ್ದರು, ಅಮೆರಿಕನ್ನರ ಚೀಟಿ ಬರಿಯ ಮಾತಿನ ಚೀಟಿ. ಬ್ರಿಟಿಷರ ಆಡುನುಡಿಯಲ್ಲಿ ಪ್ರಿಯನಿಗೆ ಬೂಟು ಸಿಗುತ್ತದೆ, ಮೊಣಕೈ ಸಿಗುತ್ತದೆ, ಅವನನ್ನು ‘ಚಕ್’ ಮಾಡುತ್ತಾರೆ, ಅಂದರೆ ಎಸೆಯುತ್ತಾರೆ. ‘ಡಿಚ್’ ಎಂದರೆ ಹಳ್ಳ, ಹಳ್ಳಕ್ಕೆ ತಳ್ಳಿ ಹೋಗುವುದೂ ಅದೇ ಪದ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿ ಉಳಿದದ್ದು ‘ಡಂಪ್’. ಗಾಡಿಯನ್ನು ಓರೆಮಾಡಿ ಮಣ್ಣನ್ನೋ ಕಸವನ್ನೋ ದಡಾರನೆ ಸುರಿಯುವುದು ಅದರ ಮೂಲಾರ್ಥ. ಕಸ ಸುರಿಯುವ ಜಾಗಕ್ಕೂ ಡಂಪ್ ಎಂದೇ ಹೆಸರು. ಮೊನ್ನೆಯವರೆಗೆ ಜೀವಕ್ಕೆ ಜೀವವಾಗಿದ್ದವರನ್ನು ಕುರಿತು ಈ ಮಾತನ್ನು ಸಲೀಸಾಗಿ ಆಡಬಹುದಾದರೆ, ಆ ಸಲೀಸುತನ ನಮಗೆ ಹಿತವೆನಿಸುವುದಿಲ್ಲ.

ಈ ಎಲ್ಲ ಮಾತುಗಳ ನಡುವೆ ಘನತೆ ಉಳಿಸಿಕೊಂಡದ್ದು ಒಂದು, ‘ಡಿಯರ್ ಜಾನ್ ಲೆಟರ್’. ಎರಡನೆಯ ಮಹಾಯುದ್ಧದಲ್ಲಿ ಸಾಗರದಾಚೆ ಹೋರಾಡುತ್ತಿದ್ದ ಅಮೆರಿಕನ್ ಸೈನಿಕರ ನಡುವೆ ಈ ಮಾತು ಹುಟ್ಟಿತು. ಊರಿನಲ್ಲಿದ್ದ ಹೆಂಡತಿ ಅಥವಾ ಪ್ರೇಯಸಿ ತನಗೆ ಬೇರೊಬ್ಬನು ಒಲಿದಿದ್ದಾನೆಂದೂ ಇನ್ನು ತನ್ನನ್ನು ಮರೆಯಬೇಕೆಂದೂ ಬರೆದ ಪತ್ರಕ್ಕೆ ಆ ಹೆಸರು. ಜಾನ್ ಎಂಬುದು ನಮ್ಮಲ್ಲಿ ಬಸಪ್ಪನೆಂಬಂತೆ ಮನೆಮನೆಯ ಹೆಸರು. ಪತ್ರವನ್ನು ಬಿಚ್ಚಿದೊಡನೆ ಮೊದಲ ಸಾಲಿನ ಸಂಬೋಧನೆಯಲ್ಲಿಯೇ ಸೈನಿಕನಿಗೆ ಎಲ್ಲವೂ ತಿಳಿದುಹೋಗುತ್ತಿತ್ತು. ಹಿಂದಿನ ಪತ್ರಗಳಲ್ಲಿ ಬಗೆಬಗೆಯ ಅಕ್ಕರೆಯ ಹೆಸರುಗಳಿರುತ್ತಿದ್ದೆಡೆ ಈಗ ಬರಿಯ ‘ಪ್ರಿಯ ಜಾನ್’, ಬ್ಯಾಂಕಿನವರು ಬರೆದಂತೆ. ಸುಸಾನ್ ಕ್ಯಾರದರ್ಸ್ ಎಂಬ ಇತಿಹಾಸಕಾರ್ತಿ 2022ರಲ್ಲಿ ಪ್ರಕಟಿಸಿದ ಗ್ರಂಥವೊಂದು ಸಂಪೂರ್ಣವಾಗಿ ಈ ಪತ್ರಗಳಿಗೇ ಮೀಸಲಾಗಿದೆ. ಇಂಥ ಪತ್ರವನ್ನು ಪಡೆದ ಯಾವ ಸೈನಿಕನು ಅದನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುತ್ತಾನೆ? ಹರಿದಿರಬೇಕು, ಸುಟ್ಟಿರಬೇಕು. ಆದರೂ ನಮ್ಮ ಅಭಿಪ್ರಾಯದಲ್ಲಿ ಆ ಪತ್ರ ಬರೆದ ಹೆಣ್ಣು ಒಂದು ಕಷ್ಟದ ಕೆಲಸವನ್ನು ಮಾಡಿದ್ದಾಳೆ. ಮೇಜಿನ ಮುಂದೆ ಕುಳಿತು, ಹೆಸರು ಬರೆದು, ತಪ್ಪಿಲ್ಲದ ಮನುಷ್ಯನಿಗೆ ಒಲ್ಲೆನೆಂದು ಅಕ್ಷರಗಳಲ್ಲಿ ಹೇಳಿದ್ದಾಳೆ.

ಆಟದ ಬಯಲಿನಿಂದ ಬಂದ ಮಾತುಗಳನ್ನು ವಿಸ್ತರಿಸುವುದಿಲ್ಲ. ಬೇಸ್‌ಬಾಲ್ ಆಟದಲ್ಲಿ ಚೆಂಡಿಗೆ ದಾಂಡು ತಾಗಿಸಲಾರದೆ ಹೊರಬೀಳುವವನ ‘ಸ್ಟ್ರೈಕ್ ಔಟ್’, ತಂಡದಲ್ಲಿ ಹೆಸರಿದ್ದೂ ಹೊರಗೆ ಕೂರಿಸುವ ‘ಬೆಂಚಿಂಗ್’, ಇವೆಲ್ಲ ಕೇಳಿದೊಡನೆ ಅರ್ಥವಾಗುವಂಥವು. ‘ಫ್ರೆಂಡ್ ಝೋನ್’ ಎಂಬುದು 1994ರಲ್ಲಿ ‘ಫ್ರೆಂಡ್ಸ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯಿಂದ ಮನೆಮಾತಾಯಿತು. ಸ್ನೇಹದ ಗಡಿಯೊಳಗೆ ಇಟ್ಟು ಅದರಾಚೆ ಕಾಲಿಡಗೊಡದಿರುವುದು ಅದರ ಅರ್ಥ. 2014ರಲ್ಲಿ ಗ್ವಿನೆತ್ ಪಾಲ್ಟ್ರೋ ಎಂಬ ನಟಿ ಪತಿಯಿಂದ ಅಗಲುವಾಗ ‘ಕಾನ್ಷಿಯಸ್ ಅನ್‌ಕಪ್ಲಿಂಗ್’ ಎಂಬ ಪದಗುಚ್ಛವನ್ನು ಬಳಸಿದಾಗ ಪತ್ರಿಕೆಗಳು ಬಹಳ ನಕ್ಕವು. ಪ್ರಜ್ಞಾಪೂರ್ವಕ ವಿಯೋಜನೆ! ರೈಲಿನ ಡಬ್ಬಿಗಳ ಕೊಂಡಿ ಕಳಚುವುದಕ್ಕೂ ಅನ್‌ಕಪ್ಲಿಂಗ್ ಎಂದೇ ಹೇಳುವುದು. ನಗಲಿ, ಆದರೆ ಕಸದ ಗಾಡಿಗಿಂತ ರೈಲುಗಾಡಿ ಮೇಲು.

ಸಂಕೇತಸ್ಥಾನಕ್ಕೆ ಬರುವೆನೆಂದು ಹೇಳಿ ಬಾರದಿರುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಟ್ಯಾಂಡ್ ಅಪ್’ ಮಾಡುವುದೆನ್ನುತ್ತಾರೆ. ಇನ್ನೊಬ್ಬರನ್ನು ನಿಂತಲ್ಲೇ ನಿಲ್ಲಿಸಿಬಿಡುವುದು. ಇದನ್ನು ಓದಿದೊಡನೆ ನಮಗೆ ಅಲಂಕಾರಶಾಸ್ತ್ರದ ಪಾಠ ನೆನಪಾಯಿತು. ಭರತನ ನಾಟ್ಯಶಾಸ್ತ್ರ ಎಂಟು ಬಗೆಯ ನಾಯಿಕೆಯರನ್ನು ಹೇಳುತ್ತದೆ. ಅವರಲ್ಲಿ ವಿಪ್ರಲಬ್ಧೆ ಎಂಬಾಕೆ ಸಂಕೇತಸ್ಥಾನದಲ್ಲಿ ಕಾದು ಕಾದು, ನಲ್ಲನು ಬಾರದೆ ವಂಚಿತಳಾದವಳು. ಕಲಹಾಂತರಿತೆ ಜಗಳದಿಂದ ಪ್ರಿಯನನ್ನು ದೂರಮಾಡಿಕೊಂಡು ಪರಿತಪಿಸುವವಳು. ಖಂಡಿತೆ ಪ್ರಿಯನು ಇನ್ನೊಬ್ಬಳಲ್ಲಿ ರಾತ್ರಿ ಕಳೆದನೆಂದು ಕುದಿಯುವವಳು. ಸಂಗತಿಗಳು ಅವವೇ. ಆದರೆ ನಮ್ಮ ಲಾಕ್ಷಣಿಕರು ಹೆಸರಿಟ್ಟದ್ದು ನೋಯುವ ಜೀವಕ್ಕೆ. ಇಂಗ್ಲಿಷ್ ಆಡುನುಡಿ ಬಹುಪಾಲು ಹೆಸರಿಟ್ಟದ್ದು ನೋಯಿಸುವ ಕೃತಿಗೆ, ಎಸೆದ, ತಳ್ಳಿದ, ಸುರಿದ, ನಿಲ್ಲಿಸಿಹೋದ ಎಂದು. ಶಾಸ್ತ್ರಗ್ರಂಥಕ್ಕೂ ಬೀದಿಯ ಮಾತಿಗೂ ಸಾಟಿ ಹೂಡುವುದು ಪೂರ್ತಿ ನ್ಯಾಯವಲ್ಲವೆಂದು ಬಲ್ಲೆವು. ನಮ್ಮ ‘ಕೈಕೊಟ್ಟ’ನೂ ಕೃತಿಯನ್ನೇ ಹೇಳುತ್ತಾನೆ. ಆದರೂ ಆ ವ್ಯತ್ಯಾಸ ನಮ್ಮ ಮನಸ್ಸಿನಲ್ಲಿ ನಿಂತಿದೆ.

ಈಗ ಭೂತಕ್ಕೆ ಬರೋಣ. ‘ಘೋಸ್ಟ್’ ಮಾಡುವುದೆಂದರೆ, ದಿನವೂ ಮಾತಾಡುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುವುದು. ಕರೆಗೆ ಓಗೊಡುವುದಿಲ್ಲ, ಸಂದೇಶಕ್ಕೆ ಉತ್ತರವಿಲ್ಲ, ಜಗಳವೂ ಇಲ್ಲ, ಕಾರಣವೂ ಇಲ್ಲ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು 2017ರಲ್ಲಿ ಸೇರಿಸಿಕೊಂಡಿತು. ಮೊಬೈಲಿನ ಕಾಲದಲ್ಲಿ ಇದು ಸುಲಭ. ಹಿಂದೆ ಒಂದೇ ಊರಿನಲ್ಲಿ ಒಬ್ಬರಿಂದೊಬ್ಬರು ಮಾಯವಾಗುವುದು ಸಾಧ್ಯವಿರಲಿಲ್ಲ. ಕೆರೆಯ ದಾರಿಯಲ್ಲೋ ಸಂತೆಯಲ್ಲೋ ಎದುರಾಗಲೇಬೇಕಾಗಿತ್ತು. ಈ ಭೂತಕ್ಕೆ ಸಂತಾನವೂ ಆಗಿದೆ. ಪೂರ್ತಿ ಮಾಯವಾಗದೆ ಆಗೊಮ್ಮೆ ಈಗೊಮ್ಮೆ ರೊಟ್ಟಿಯ ಚೂರಿನಂತೆ ಒಂದೆರಡು ಸಿಹಿಮಾತು ಎರಚಿ ಆಸೆ ಉಳಿಸುವುದಕ್ಕೆ ‘ಬ್ರೆಡ್‌ಕ್ರಂಬಿಂಗ್’. ಮಾಯವಾದವನು ತಿಂಗಳುಗಳ ಮೇಲೆ ಏನೂ ಆಗದವನಂತೆ ಮರಳಿ ಬಂದರೆ ‘ಝಾಂಬಿಯಿಂಗ್’, ಹೂತ ಹೆಣ ಎದ್ದು ಬಂದಂತೆ. ಈ ಹೆಸರುಗಳನ್ನಿಟ್ಟವರ ಕಲ್ಪನಾಶಕ್ತಿಗೆ ಮೆಚ್ಚುಗೆ ಸಲ್ಲಬೇಕು. ಮಾಲೆ ಇತ್ತು, ಗವಸು ಇತ್ತು, ಪತ್ರವಿತ್ತು. ಈ ಕೊನೆಯ ಪದದಲ್ಲಿ ಕೈಗೆ ಹತ್ತುವಂಥದು ಏನೂ ಉಳಿದಿಲ್ಲ.

ಇದನ್ನೋದುವ ಹಿರಿಯರು ಈ ಕಾಲದ ಹುಡುಗರ ನಡತೆಗೆ ನಿಟ್ಟುಸಿರು ಬಿಡುವ ಮುನ್ನ ನಾವು ಒಂದು ಮಾತು ಕೇಳಬಯಸುತ್ತೇವೆ. ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂಬ ವಾಕ್ಯ ಯಾರದು? ಹೆಣ್ಣು ನೋಡಲು ಹೋಗಿ, ಚಾಪೆಯ ಮೇಲೆ ಕುಳಿತು, ಉಪ್ಪಿಟ್ಟು ಕೇಸರಿಬಾತು ಸೇವಿಸಿ, ಹುಡುಗಿಯಿಂದ ಹಾಡು ಹೇಳಿಸಿ, ಏಳುವಾಗ ನಾವೆಲ್ಲ ಆಡಿಬಂದ ವಾಕ್ಯವದು. ಆಮೇಲೆ ಎಷ್ಟು ಮನೆಯವರು ಕಾಗದ ಬರೆದರು? ಬೀಗರಾಗಲೊಪ್ಪಿದವರು ಬರೆದರು. ಒಪ್ಪದವರು ಸುಮ್ಮನಾದರು. ಅಂಚೆಯವನು ಬಂದಾಗಲೆಲ್ಲ ತಂದೆ ಹೊರಗೆ ಬಂದು ನಿಲ್ಲುತ್ತಿದ್ದುದನ್ನೂ, ಮಗಳು ಒಳಗೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದುದನ್ನೂ ಕಂಡವರು ಈ ಪುಟವನ್ನೋದುವವರಲ್ಲಿ ಅನೇಕರಿದ್ದಾರೆ. ತಿಂಗಳು ಕಳೆದ ಮೇಲೆ ಮಧ್ಯಸ್ಥರ ಮೂಲಕ ‘ಜಾತಕ ಕೂಡಿಬರಲಿಲ್ಲವಂತೆ’ ಎಂಬ ಸುದ್ದಿ ಬಂದರೆ ಅದೇ ದೊಡ್ಡದು. ಜಾತಕವನ್ನೇ ಕೊಟ್ಟಿರದ ಮನೆಗೂ ಆ ಉತ್ತರ ಬಂದದ್ದುಂಟು! ಇಂದಿಗೂ ವಧೂವರರ ಮಾಹಿತಿ, ಭಾವಚಿತ್ರ ತರಿಸಿಕೊಂಡು, ವಾಟ್ಸಾಪಿನಲ್ಲಿ ನೋಡಿದ ಗುರುತು ಬಿದ್ದರೂ ಉತ್ತರಿಸದ ಮನೆತನಗಳು ಕಡಿಮೆಯಿಲ್ಲ. ಇಂಗ್ಲಿಷ್ ತರುಣರು ಈಚೆಗೆ ಹೆಸರಿಟ್ಟ ಕೃತ್ಯವನ್ನು ನಾವು ಹೆಸರಿಲ್ಲದೆಯೇ, ಹಿರಿಯರ ಸಮಕ್ಷಮವೇ, ತಲೆಮಾರುಗಟ್ಟಲೆ ನಡೆಸಿದ್ದೇವೆ. ಎಷ್ಟೋ ಹೆಣ್ಣುಮಕ್ಕಳು ಅದನ್ನು ಹತ್ತು ಹನ್ನೆರಡು ಬಾರಿ ಅನುಭವಿಸಿದರು. ಅವರಿಗೆ ಆಡಿಕೊಳ್ಳಲು ಒಂದು ಪದವೂ ಇರಲಿಲ್ಲ.

ಪದ ಹುಟ್ಟಿದ್ದರಿಂದ ಒಂದು ಉಪಕಾರವಾಗಿದೆ. ‘ಅವನು ನನ್ನನ್ನು ಘೋಸ್ಟ್ ಮಾಡಿದ’ ಎಂದು ಹುಡುಗಿ ನಗುತ್ತಲೇ ಹೇಳಬಲ್ಲಳು. ತನಗಾದದ್ದು ಇತರರಿಗೂ ಆಗಿದೆ, ಅದಕ್ಕೊಂದು ಹೆಸರಿದೆ ಎಂಬುದೇ ಅರ್ಧ ಸಾಂತ್ವನ. ಆದರೆ ಅದೇ ನಗು ಮನೆಯವರನ್ನು ಮೋಸಗೊಳಿಸುತ್ತದೆ. ಹುಡುಗಾಟದ ಪದ ಕೇಳಿ ನೋವೂ ಹುಡುಗಾಟದ್ದೆಂದು ತಿಳಿಯುವವರುಂಟು. 2011ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು, ತಮಗಿಷ್ಟವಿಲ್ಲದೆ ಪ್ರೀತಿ ಮುರಿದುಬಿದ್ದಿದ್ದ 40 ಜನರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿದರು. ಅಗಲಿದವರ ಭಾವಚಿತ್ರ ನೋಡುತ್ತ ಆ ತಿರಸ್ಕಾರವನ್ನು ನೆನೆದಾಗ, ತೋಳಿಗೆ ನೋಯುವಷ್ಟು ಬಿಸಿ ತಾಗಿಸಿದಾಗ ಎಚ್ಚರಗೊಳ್ಳುವ ಮಿದುಳಿನ ಕೆಲವು ಭಾಗಗಳೇ ಎಚ್ಚರಗೊಂಡವು. ಹಬ್ಬಕ್ಕೆ ಬಂದ ಮಗಳು ಹೋಳಿಗೆಯನ್ನು ಹಾಗೆಯೇ ಬಿಟ್ಟೆದ್ದು, ಮೊಬೈಲನ್ನು ನೋಡಿ ನೋಡಿ ಕೆಳಗಿಡುತ್ತಿದ್ದರೆ, ಆಕೆ ನಗುತ್ತ ಹೇಳಿದ ಇಂಗ್ಲಿಷ್ ಪದವನ್ನು ತಾಯಂದಿರು ಒಮ್ಮೆ ನೆನೆದುಕೊಳ್ಳಬೇಕು. ಯಾರವನು, ಯಾವ ಕುಲದವನು ಎಂಬ ವಿಚಾರಣೆ ಆ ಹೊತ್ತಿಗೆ ಬೇಡ. ಊಟ ಮಾಡಿದೆಯಾ ಎಂದು ಕೇಳಿದರೆ ಆದೀತು.

ಧಾರವಾಡದ ಕಡೆಯ ನಮ್ಮ ಹಳೆಯ ಪರಿಚಯದ ಶಾಲಾಮಾಸ್ತರರೊಬ್ಬರಿಗೆ ಮೂವರು ಗಂಡುಮಕ್ಕಳು. ಮೂವರಿಗೂ ಹೆಣ್ಣು ನೋಡಲು ಊರೂರು ತಿರುಗುವಾಗ ಅವರ ಅಂಗಿಯ ಜೇಬಿನಲ್ಲಿ ಅಂಚೆ ಕಾರ್ಡುಗಳಿರುತ್ತಿದ್ದವು. ಸಂಬಂಧ ಬೇಡವೆಂದು ಮನೆಯವರು ತೀರ್ಮಾನಿಸಿದ ದಿನವೇ, ಮರುದಿನಕ್ಕೆ ಬಿಡದೆ, ಕಾರ್ಡು ಬರೆದು ಡಬ್ಬಿಗೆ ಹಾಕಿಬಿಡುತ್ತಿದ್ದರು. ಒಕ್ಕಣೆ ಪ್ರತಿಬಾರಿಯೂ ಒಂದೇ. ತಮ್ಮ ಮನೆಯ ಆದರ ಮರೆಯುವಂಥದಲ್ಲ, ಕನ್ಯೆಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ, ನಮ್ಮ ಕಡೆಯಿಂದ ಕೂಡಿಬರಲಿಲ್ಲ, ದಯಮಾಡಿ ಬೇರೆಡೆ ನೋಡತಕ್ಕದ್ದು. ಕೆಳಗೆ ಪೂರ್ಣ ಹೆಸರು, ಊರು, ತಾರೀಖು.